ನಾಳೆಯ ಮಾತಿಗೆ ಇಂಗ್ಲಿಷ್: ಮೊದಲು ಮನೆಮಾತನ್ನು ಕೇಳಿಸಿಕೊಳ್ಳಿ

ಎರಡು ವರ್ಷದ ಹಿಂದೆ ನನ್ನ ಸಂಜೆ ಪಾಠಕ್ಕೆ ಬರುತ್ತಿದ್ದ ಹುಡುಗನೊಬ್ಬ ಒಂದು ಸಂದರ್ಶನ ತಪ್ಪಿಸಿಕೊಂಡ. ಕಂಪನಿಯಿಂದ ಅವನ ಫೋನಿಗೆ ಮೇಲ್ ಬಂದಿತ್ತು. ‘ವಿ ಆರ್ ಇಂಟರ್‌ವ್ಯೂಯಿಂಗ್ ಯು ಆನ್ ಥರ್ಸ್‌ಡೇ ಅಟ್ ಟೆನ್.’ ಅವನು ಎರಡು ಸಲ ಓದಿದ. ಎಲ್ಲೂ ‘ವಿಲ್’ ಕಾಣಲಿಲ್ಲ. ಇನ್ನೂ ಪಕ್ಕಾ ಆಗಿಲ್ಲ, ಆದ ಮೇಲೆ ‘ವಿಲ್’ ಹಾಕಿ ಇನ್ನೊಂದು ಮೇಲ್ ಕಳಿಸುತ್ತಾರೆ ಅಂದುಕೊಂಡು ಸುಮ್ನೆ ಕೂತ. ಶುಕ್ರವಾರ ಸಂಜೆ ಬಂದು ‘ಅಕ್ಕೋರ, ಹಿಂಗಾತ್ರಿ’ ಅಂದಾಗ ಅವನ ಮುಖ ನೋಡಲಾಗಲಿಲ್ಲ. ‘ನಾಳೆ ಅಂದರೆ ವಿಲ್’ ಅಂತ ಅವನಿಗೆ ಹೇಳಿಕೊಟ್ಟವಳು ನಾನೇ. ಅವತ್ತಿನಿಂದ ಈ ಪಾಠ ಹೇಳುವ ರೀತಿಯನ್ನೇ ಬದಲಿಸಿದೆ. ಬದಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ವಿಜಯಪುರದಲ್ಲಿ, ಗೋಳಗುಮ್ಮಟಕ್ಕೆ ನಡೆದು ಹೋಗುವಷ್ಟು ದೂರದಲ್ಲಿದೆ. ಸಂಜೆ ಆರರಿಂದ ಏಳೂವರೆ ತನಕ ಪಡಸಾಲೆಯಲ್ಲಿ ಪಾಠ. ಡಿಗ್ರಿ ಓದುವವರು, ನರ್ಸಿಂಗ್ ಹುಡುಗಿಯರು, ತಿಕೋಟಾ ಕಡೆಯಿಂದ ಬರುವ ಒಬ್ಬ ದ್ರಾಕ್ಷಿ ಬೆಳೆಗಾರರ ಮಗ, ಹೀಗೆ ಹತ್ತು ಹನ್ನೆರಡು ಜನ. ಮೂಲೆಯಲ್ಲಿ ನಮ್ಮವ್ವ ಅಕ್ಕಿ ಆರಿಸುತ್ತ ಕೂತಿರುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಇಂಗ್ಲಿಷಿನ ಭವಿಷ್ಯದ ಮಾತನ್ನು ನಾನು ಸರಿಯಾಗಿ ಕಲಿತದ್ದು ಅವರ ಮಾತು ಕೇಳಿಯೇ.

ಕನ್ನಡದಲ್ಲಿ ನಾವು ಮಾತಾಡುವಾಗ ಭವಿಷ್ಯಕ್ಕೆ ಬೇರೆ ಕ್ರಿಯಾಪದ ಬಳಸುವುದಿಲ್ಲ. ‘ದಿನಾ ಹೋಗ್ತೀನಿ’ ಅನ್ನುತ್ತೇವೆ, ‘ನಾಳಿ ಹೋಗ್ತೀನಿ’ ಅಂತಲೂ ಅನ್ನುತ್ತೇವೆ. ‘ಹೋಗುವೆನು’ ಇರುವುದು ಪುಸ್ತಕದಲ್ಲಿ. ಇಂಗ್ಲಿಷೂ ಹಾಗೇ. ಅಲ್ಲಿ ಕ್ರಿಯಾಪದ ತನ್ನ ರೂಪವನ್ನೇ ಬದಲಿಸಿ ತೋರಿಸುವುದು ಎರಡೇ ಕಾಲ. ಇವತ್ತಿಗೆ ‘ಗೋ’, ನಿನ್ನೆಗೆ ‘ವೆಂಟ್’. ನಾಳೆಗೆ ಅಂತ ಮೂರನೆಯ ರೂಪ ಇಲ್ಲ. ಅದಕ್ಕೇ ಎಷ್ಟೋ ವ್ಯಾಕರಣಕಾರರು ಇಂಗ್ಲಿಷಿಗೆ ಫ್ಯೂಚರ್ ಟೆನ್ಸ್ ಅನ್ನುವುದೇ ಇಲ್ಲ ಅನ್ನುತ್ತಾರೆ. ನಾಳೆಯ ಮಾತು ಬಂದಾಗ ಅದು ಬೇರೆ ಬೇರೆ ಪದಗಳ ಸಹಾಯ ತೆಗೆದುಕೊಳ್ಳುತ್ತದೆ.

ಹಾಗಾಗಿ ‘ಯಾವಾಗ ನಡೆಯುತ್ತದೆ’ ಅಂತ ಕೇಳಿಕೊಂಡರೆ ಸರಿಯಾದ ರೂಪ ಸಿಗುವುದಿಲ್ಲ. ನಿರ್ಧಾರ ಈಗ ಎಲ್ಲಿದೆ ಅಂತ ಕೇಳಿಕೊಳ್ಳಿ. ಈ ಕ್ಷಣ ಬಾಯಲ್ಲಿ ಹುಟ್ಟಿತೇ? ಮೊದಲೇ ಮನಸ್ಸಿನಲ್ಲಿತ್ತೇ? ಇನ್ನೊಬ್ಬರ ಜೊತೆ ಮಾತಾಗಿ ಪಕ್ಕಾ ಆಗಿದೆಯೇ? ಅಥವಾ ಬೋರ್ಡಿನ ಮೇಲೆ ಬರೆದಿದೆಯೇ? ಈ ನಾಲ್ಕಕ್ಕೂ ನಮ್ಮ ಕಡೆಯ ಕನ್ನಡದಲ್ಲಿ ಬೇರೆ ಬೇರೆ ಬಾಲ ಇದೆ. ಮಾತಿನ ಬಾಲ ಹಿಡಿದರೆ ಇಂಗ್ಲಿಷ್ ತಾನೇ ಸಿಗುತ್ತದೆ.

‘ನಾ ನೋಡ್ತೀನಿ ಬಿಡು’

ಪಾಠದ ನಡುವೆ ಯಾರೋ ಬಾಗಿಲು ಬಡಿಯುತ್ತಾರೆ. ಅವ್ವ ಏಳಲು ಹೋಗುತ್ತಾರೆ. ನಾನು ‘ಕೂಡಬೇ, ನಾ ನೋಡ್ತೀನಿ ಬಿಡು’ ಅನ್ನುತ್ತೇನೆ. ಈ ‘ಬಿಡು’ ಇದೆಯಲ್ಲ, ಅದೇ ಇಂಗ್ಲಿಷಿನ ‘ವಿಲ್’. ‘ಐಲ್ ಗೆಟ್ ಇಟ್.’ ಬಾಗಿಲು ಬಡಿಯುವ ತನಕ ಆ ನಿರ್ಧಾರ ಎಲ್ಲೂ ಇರಲಿಲ್ಲ. ಆಗ ಹುಟ್ಟಿತು, ಆಗಲೇ ಹೇಳಿದೆ. ‘ಕೊಡ್ತೀನಿ ತಗೋ’, ‘ನಾ ತರ್ತೀನಿ ನಡಿ’ ಅನ್ನುವಾಗಲೂ ಹಾಗೇ. ಎದುರಿಗಿದ್ದವರಿಗೆ ಒಂದು ಮಾತು ಕೊಡುತ್ತಿದ್ದೇವೆ. ಮಾತು ಕೊಡುವುದು, ನೆರವಿಗೆ ಮುಂದಾಗುವುದು, ಹೆದರಿಸುವುದು, ಆಗಿಂದಾಗ್ಗೆ ತೀರ್ಮಾನ ಮಾಡುವುದು, ಇವೆಲ್ಲ ‘ವಿಲ್’ನ ಕೆಲಸ. ಅದೇ ಬಾಗಿಲಿಗೆ ‘ಐ ಆಮ್ ಗೋಯಿಂಗ್ ಟು ಓಪನ್ ದ ಡೋರ್’ ಅಂದರೆ, ಬೆಳಿಗ್ಗೆಯಿಂದ ಬಾಗಿಲು ತೆಗೆಯಬೇಕು ಅಂತ ಲೆಕ್ಕ ಹಾಕಿದ ಹಾಗೆ ಕೇಳಿಸುತ್ತದೆ.

ಯಾಕೆ ಹೀಗೆ ಅಂತ ಕೇಳಿದರೆ ನಾನು ‘ಉಯಿಲು’ ನೆನಪಿಸುತ್ತೇನೆ. ಆಸ್ತಿ ಯಾರಿಗೆ ಹೋಗಬೇಕು ಅಂತ ಹಿರಿಯರು ಬರೆದಿಡುವ ಪತ್ರ. ಅದು ಇಂಗ್ಲಿಷಿನ ‘ವಿಲ್’ ಪದವೇ ಕನ್ನಡಕ್ಕೆ ಬಂದು ಉಯಿಲು ಆದದ್ದು. ಹಳೆಯ ಇಂಗ್ಲಿಷಿನಲ್ಲಿ ‘ವಿಲ್’ ಅಂದರೆ ಬೇಕು, ಬಯಸುತ್ತೇನೆ ಅನ್ನುವ ಅರ್ಥವೇ ಇತ್ತು. ಆ ಇಚ್ಛೆಯ ವಾಸನೆ ಇನ್ನೂ ಹೋಗಿಲ್ಲ.

ಅದನ್ನು ತಿರುಗಿಸಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಗುವಿಗೆ ಔಷಧ ಕುಡಿ ಅಂದರೆ ‘ನಾ ಒಲ್ಲೆ’ ಅನ್ನುತ್ತದೆ. ‘ಐ ವೋಂಟ್.’ ಹೊಲದಲ್ಲಿ ಪಂಪಿನ ಮೋಟರ್ ಕೈಕೊಟ್ಟಾಗ ‘ಚಾಲೂ ಆಗವಲ್ದು’ ಅನ್ನುತ್ತೇವೆ. ‘ಆಗಲು ಒಲ್ಲದು’ ಅನ್ನುವುದೇ ‘ಆಗವಲ್ದು’ ಆಗಿದೆ. ಮೋಟರಿಗೆ ಮನಸ್ಸಿಲ್ಲ ಅನ್ನುವ ಹಾಗೆ! ಇಂಗ್ಲಿಷಿನಲ್ಲೂ ಇದೇ ಮಾತು: ‘ದ ಪಂಪ್ ವೋಂಟ್ ಸ್ಟಾರ್ಟ್.’ ಇದು ನಾಳೆಯ ಮಾತಲ್ಲ, ಈಗಿನ ಹಟದ ಮಾತು. ‘ವೋಂಟ್’ ಕಂಡ ಕೂಡಲೇ ಭವಿಷ್ಯ ಅಂದುಕೊಳ್ಳುವವರು ಇಲ್ಲಿ ಎಡವುತ್ತಾರೆ. ನಮ್ಮ ‘ಆಗವಲ್ದು’ ನೆನಪಿಟ್ಟವರು ಎಡವುವುದಿಲ್ಲ.

ಸುಮ್ನೆ ಅಂದಾಜು, ನಂಬಿಕೆ ಹೇಳುವಾಗಲೂ ‘ವಿಲ್’ ಬರುತ್ತದೆ. ‘ಐ ಥಿಂಕ್ ಗ್ರೇಪ್ ಪ್ರೈಸಸ್ ವಿಲ್ ಗೋ ಅಪ್.’ ‘ಪ್ರಾಬಬ್ಲಿ’ ಸೇರಿಸುವುದಾದರೆ ಅದರ ಜಾಗ ನೋಡಿಕೊಳ್ಳಿ. ‘ವಿಲ್ ಪ್ರಾಬಬ್ಲಿ ಕಮ್’ ಸರಿ. ಇಲ್ಲ ಅನ್ನುವಾಗ ‘ಪ್ರಾಬಬ್ಲಿ ವೋಂಟ್ ಕಮ್’, ಅಂದರೆ ‘ಪ್ರಾಬಬ್ಲಿ’ ಮೊದಲು ಬರುತ್ತದೆ. ಮಾತಾಡುವಾಗ ‘ಐಲ್’, ‘ಹೀಲ್’, ‘ವೀಲ್’ ಅಂತ ಮೊಟಕು ಮಾಡಿ. ಪ್ರತಿ ಸಲ ‘ಐ ವಿಲ್’ ಅಂತ ಒತ್ತಿ ಹೇಳಿದರೆ ಜಗಳಕ್ಕೆ ನಿಂತ ಹಾಗೆ ಕೇಳಿಸುತ್ತದೆ.

‘ಹೋಗ್ಬೇಕಂತ ಮಾಡೀನಿ’

ಇದು ನನಗೆ ತುಂಬಾ ಇಷ್ಟದ ಮಾತು. ‘ಈ ಸಲ ಸಿದ್ಧೇಶ್ವರ ಜಾತ್ರಿಗೆ ತಂಗೀನ್ನ ಕರಸಬೇಕಂತ ಮಾಡೀನಿ’ ಅಂತ ಅವ್ವ ಅನ್ನುತ್ತಾರೆ. ಜಾತ್ರೆ ಸಂಕ್ರಾಂತಿಗೆ. ಮಾತಾಡುವುದು ದೀಪಾವಳಿಯಲ್ಲಿ. ಇನ್ನೂ ಫೋನ್ ಮಾಡಿಲ್ಲ, ಯಾರಿಗೂ ತಿಳಿಸಿಲ್ಲ. ಆದರೆ ಮನಸ್ಸಿನಲ್ಲಿ ಕೆಲಸ ಆಗಲೇ ಮುಗಿದಿದೆ. ‘ಮಾಡೀನಿ’ ಅನ್ನುವ ಮುಗಿದ ಕೆಲಸದ ಮಾತನ್ನೇ ಬಳಸುತ್ತೇವೆ, ಗಮನಿಸಿದ್ದೀರಾ? ಇದಕ್ಕೆ ಇಂಗ್ಲಿಷ್ ‘ಗೋಯಿಂಗ್ ಟು’. ‘ಐ ಆಮ್ ಗೋಯಿಂಗ್ ಟು ಇನ್ವೈಟ್ ಮೈ ಸಿಸ್ಟರ್.’ ‘ವಿಲ್’ ಬಾಯಲ್ಲಿ ಹುಟ್ಟಿದ್ದು. ಇದು ಬಾಯಿಗೆ ಬರುವ ಮೊದಲೇ ಎದೆಯಲ್ಲಿ ಕೂತದ್ದು.

‘ಗೋಯಿಂಗ್ ಟು’ಗೆ ಇನ್ನೊಂದು ಕೆಲಸ ಇದೆ. ಕಣ್ಣೆದುರು ಗುರುತು ಕಾಣುತ್ತಿರುವಾಗ ಅದನ್ನೇ ಬಳಸಬೇಕು. ಮಾಳಿಗೆ ಮೇಲೆ ನಿಂತು ಪಡುವಣ ದಿಕ್ಕಿಗೆ ನೋಡಿ ಅವ್ವ ‘ಮಳಿ ಬರೂ ಹಂಗ ಅದ’ ಅನ್ನುತ್ತಾರೆ. ಮೋಡ ಕಾಣುತ್ತಿದೆ, ಗಾಳಿ ತಣ್ಣಗಾಗಿದೆ. ‘ಇಟ್ ಇಸ್ ಗೋಯಿಂಗ್ ಟು ರೇನ್.’ ಮೇ ತಿಂಗಳ ಬಿಸಿಲಲ್ಲಿ ಕೂತು ‘ಈ ವರ್ಷ ಮಳಿ ಛಲೋ ಆಗ್ತದ’ ಅಂದರೆ ಅದು ನಂಬಿಕೆ. ‘ಇಟ್ ವಿಲ್ ರೇನ್ ವೆಲ್ ದಿಸ್ ಇಯರ್.’ ‘ಹಂಗ ಅದ’ ಬಂದರೆ ‘ಗೋಯಿಂಗ್ ಟು’, ಇಷ್ಟು ಸಾಕು.

ಮಳೆಯ ಮಾತಿಗೆ ಮೂರನೆಯ ರೀತಿಯೂ ಒಂದಿದೆ. ‘ಮಳಿ ಬಂದೀತು, ಅರಿವಿ ತಗಿ.’ ಬರಲೂಬಹುದು, ಬರದೆಯೂ ಇರಬಹುದು. ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥಕ ಅನ್ನುತ್ತಾರೆ. ಬಂದೀತು, ಬಿದ್ದಾನು, ಸಿಕ್ಕೀತು. ಎಷ್ಟು ಚಂದದ ರೂಪ! ಇದಕ್ಕೆ ‘ವಿಲ್’ ಹಾಕಿದರೆ ಮಾತು ತುಂಬಾ ಗಟ್ಟಿಯಾಗುತ್ತದೆ. ‘ಇಟ್ ಮೈಟ್ ರೇನ್’ ಅನ್ನಿ. ನರ್ಸಿಂಗ್ ಹುಡುಗಿಯರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ರೋಗಿಗೆ ‘ಯು ವಿಲ್ ಫೀಲ್ ಡಿಸ್ಸಿ’ ಅಂದರೆ ತಲೆ ತಿರುಗುವುದು ಖಂಡಿತ ಅಂತ ಅರ್ಥ. ‘ಯು ಮೈಟ್ ಫೀಲ್ ಡಿಸ್ಸಿ’ ಅಂದರೆ ತಲೆ ತಿರುಗೀತು, ಗಾಬರಿ ಬೇಡ ಅಂತ. ಒಂದು ಪದದಲ್ಲಿ ಆ ಜೀವಕ್ಕೆ ಎಷ್ಟು ಸಮಾಧಾನ!

‘ನಾಳಿ ಹೊಂಟೀನಿ’

ಆ ಹುಡುಗ ತಪ್ಪಿಸಿಕೊಂಡದ್ದು ಇದನ್ನೇ. ‘ನಾಳಿ ಸೊಲ್ಲಾಪುರಕ್ಕ ಹೊಂಟೀನಿ’ ಅಂತ ನಾವು ಯಾವಾಗ ಅನ್ನುತ್ತೇವೆ? ಟಿಕೆಟ್ ಆಗಿದೆ, ಅಲ್ಲಿಯವರಿಗೆ ತಿಳಿಸಿ ಆಗಿದೆ, ಬ್ಯಾಗು ತುಂಬುವುದಷ್ಟೇ ಬಾಕಿ. ಇನ್ನೂ ಮನೆಯಲ್ಲೇ ಕೂತಿದ್ದರೂ ‘ಹೊಂಟೀನಿ’. ಇಂಗ್ಲಿಷಿನಲ್ಲೂ ವರ್ತಮಾನದ ರೂಪವೇ: ‘ಐ ಆಮ್ ಲೀವಿಂಗ್ ಫಾರ್ ಸೊಲ್ಲಾಪುರ ಟುಮಾರೋ.’ ನಾಲ್ಕು ರೂಪಗಳಲ್ಲಿ ಇನ್ನೊಬ್ಬರ ಜೊತೆ ಕೂಡಿ ಗಟ್ಟಿ ಮಾಡಿಕೊಂಡದ್ದು ಇದು. ಸಂದರ್ಶನ, ಡಾಕ್ಟರ ಭೇಟಿ, ಮದುವೆ, ಮೀಟಿಂಗು, ಎಲ್ಲ ಇದರಲ್ಲೇ ಬರುತ್ತವೆ. ‘ವಿ ಆರ್ ಇಂಟರ್‌ವ್ಯೂಯಿಂಗ್ ಯು ಆನ್ ಥರ್ಸ್‌ಡೇ’ ಅಂದರೆ ನಿಮ್ಮ ಹೆಸರು ಅವರ ಡೈರಿಯಲ್ಲಿ ಬಿದ್ದಾಗಿದೆ. ‘ವಿಲ್’ ಬರಲಿ ಅಂತ ಕಾಯಬೇಡಿ. ಬಟ್ಟೆ ಇಸ್ತ್ರಿ ಮಾಡಿಕೊಳ್ಳಿ.

ದ್ರಾಕ್ಷಿ ಬೆಳೆಗಾರರ ಮಗನಿಗೆ ಇದೇ ತೊಂದರೆ ತಿರುಗಿ ಬಂತು. ಕೇರಳದ ವ್ಯಾಪಾರಿಯೊಬ್ಬರಿಗೆ ಒಣದ್ರಾಕ್ಷಿ ಕಳಿಸಬೇಕಿತ್ತು. ‘ವಿ ವಿಲ್ ಸೆಂಡ್ ಟೂ ಟನ್ಸ್’ ಅಂತ ಬರೆದ. ಅವರು ‘ವೆನ್?’ ಅಂತ ಕೇಳಿದರು. ಇವನು ಮತ್ತೆ ‘ವಿ ವಿಲ್ ಸೆಂಡ್ ಸೂನ್’ ಅಂದ. ಅವರು ಮತ್ತೆ ಕೇಳಿದರು. ‘ಲಾರಿ ಗೊತ್ತ ಮಾಡೇವ್ರಿ ಅಕ್ಕೋರ, ಮತ್ತ ಯಾಕ ನಂಬವಲ್ರು?’ ಅಂತ ಬೇಜಾರು ಮಾಡಿಕೊಂಡ. ‘ತಮ್ಮಾ, ನೀ ಕಳಸ್ತೀನಿ ತಗೋರಿ ಅಂದಿ. ಅವರಿಗೆ ಬೇಕಾಗಿದ್ದು ಸೋಮವಾರ ಕಳಸಾಕತ್ತೀವಿ ಅನ್ನೂ ಮಾತು’ ಅಂದೆ. ಇಬ್ಬರೂ ಕೂತು ಬರೆದೆವು. ‘ವಿ ಆರ್ ಸೆಂಡಿಂಗ್ ಟೂ ಟನ್ಸ್ ಆನ್ ಮಂಡೇ. ದ ಲಾರಿ ಲೀವ್ಸ್ ಅಟ್ ಸಿಕ್ಸ್.’ ಆ ರಾತ್ರಿಯೇ ‘ಓಕೆ’ ಬಂತು.

ಒಂದು ಎಚ್ಚರ. ಮನುಷ್ಯರು ಕೂಡಿ ಗೊತ್ತು ಮಾಡಲಾಗದ ವಿಷಯಕ್ಕೆ ಈ ರೂಪ ನಡೆಯುವುದಿಲ್ಲ. ‘ಇಟ್ ಇಸ್ ರೈನಿಂಗ್ ಟುಮಾರೋ’ ತಪ್ಪು. ಮಳೆ ಯಾರ ಡೈರಿಯಲ್ಲೂ ಇರುವುದಿಲ್ಲ.

ಮೇಲಿನ ಸಾಲಿನಲ್ಲಿ ‘ಲೀವ್ಸ್’ ಬಂತಲ್ಲ, ಅದು ನಾಲ್ಕನೆಯದು. ಬೋರ್ಡಿನ ಮೇಲೆ ಬರೆದದ್ದು, ಬಸ್ಸು, ರೈಲು, ಪರೀಕ್ಷೆ, ಬ್ಯಾಂಕಿನ ವೇಳೆ. ‘ನಾಳಿ ಬಸ್ಸು ಆರಕ್ಕ ಅದ’ ಅನ್ನುತ್ತೇವೆ, ‘ಇರುತ್ತದೆ’ ಅಂತ ಎಳೆಯುವುದಿಲ್ಲ. ‘ದ ಬಸ್ ಲೀವ್ಸ್ ಅಟ್ ಸಿಕ್ಸ್.’ ‘ದ ಎಕ್ಸಾಮ್ ಸ್ಟಾರ್ಟ್ಸ್ ಆನ್ ಮಂಡೇ.’ ಇದರಲ್ಲಿ ಕಷ್ಟ ಏನೂ ಇಲ್ಲ. ಕೊನೆಯ ‘ಸ್’ ಮರೆಯಬೇಡಿ, ಅಷ್ಟೇ.

ಹೋಟೆಲಿನಲ್ಲಿ ಚಹಾ ಕೇಳಿದರೆ ಹುಡುಗ ಒಳಗಿನಿಂದ ‘ತಂದೆ ರೀ!’ ಅನ್ನುತ್ತಾನೆ. ಇನ್ನೂ ತಂದಿಲ್ಲ, ಆದರೂ ‘ತಂದೆ’. ನಾವೂ ‘ಬಂದೆ ಬಂದೆ’ ಅನ್ನುತ್ತೇವೆ. ಇದನ್ನು ಮಾತ್ರ ಹಾಗೇ ಇಂಗ್ಲಿಷಿಗೆ ಒಯ್ಯಬೇಡಿ. ‘ಐ ಕೇಮ್’ ಅಂದರೆ ಬಂದು ಆಗಿದೆ ಅಂತ. ಅಲ್ಲಿ ‘ಕಮಿಂಗ್!’ ಅನ್ನಬೇಕು.

‘ಬಂದಾಗ’ ಮತ್ತು ‘ಯಾವಾಗ ಬರ್ತಾನೋ’

ಜಾಸ್ತಿ ತಪ್ಪಾಗುವ ಜಾಗ ಇದು, ನಿಧಾನವಾಗಿ ಓದಿ. ‘ಐ ವಿಲ್ ಕಾಲ್ ಯು ವೆನ್ ಐ ವಿಲ್ ರೀಚ್ ಬಾಗಲಕೋಟೆ.’ ಎರಡೂ ನಾಳೆಯ ಕೆಲಸ, ಹಾಗಾಗಿ ಎರಡಕ್ಕೂ ‘ವಿಲ್’ ಅಂತ ಎಲ್ಲರೂ ಬರೆಯುತ್ತಾರೆ. ಎರಡನೆಯ ‘ವಿಲ್’ ತಪ್ಪು. ‘ಐ ವಿಲ್ ಕಾಲ್ ಯು ವೆನ್ ಐ ರೀಚ್ ಬಾಗಲಕೋಟೆ’ ಅನ್ನಬೇಕು. ವೆನ್, ಇಫ್, ಬಿಫೋರ್, ಆಫ್ಟರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್, ಇವು ಆದ ಮೇಲೆ ಬರುವ ತುಣುಕಿನಲ್ಲಿ ‘ವಿಲ್’ ಬೇಡ.

ಇದು ಇಂಗ್ಲಿಷಿನ ವಿಚಿತ್ರ ನಿಯಮ ಅಂತ ಮಕ್ಕಳು ಗೊಣಗುತ್ತಾರೆ. ಆಗ ನಾನು ಕನ್ನಡದಲ್ಲಿ ಹೇಳಿಸುತ್ತೇನೆ. ‘ನಾಳಿ ಮುಟ್ಟಿದ ಕೂಡ್ಲೆ ಫೋನ್ ಮಾಡ್ತೀನಿ.’ ‘ಮಳಿ ಬಂದ್ರ ಬರಂಗಿಲ್ಲ.’ ನೋಡಿ, ‘ಮುಟ್ಟಿದ’, ‘ಬಂದ್ರ’. ನಾಳೆಯ ಮಾತನ್ನು ನಾವು ನಿನ್ನೆಯ ರೂಪದಲ್ಲಿ ಹೇಳುತ್ತಿದ್ದೇವೆ! ‘ಬಂದರೆ’ ಹುಟ್ಟಿದ್ದೇ ‘ಬಂದ’ದಿಂದ. ‘ನಾಳೆ ಮಳೆ ಬರುತ್ತದೆ ಆದರೆ ನಾನು ಬರುವುದಿಲ್ಲ’ ಅಂತ ಷರತ್ತನ್ನು ಯಾರೂ ಹೇಳುವುದಿಲ್ಲ. ಭವಿಷ್ಯದ ಭಾರವನ್ನು ಒಂದೇ ಕ್ರಿಯಾಪದ ಹೊರಲಿ ಅಂತ ನಮ್ಮ ಭಾಷೆಯೂ ಬಿಟ್ಟಿದೆ, ಇಂಗ್ಲಿಷೂ ಬಿಟ್ಟಿದೆ. ನಾವು ಅಲ್ಲಿ ಭೂತಕಾಲ ಇಡುತ್ತೇವೆ, ಅವರು ವರ್ತಮಾನ ಇಡುತ್ತಾರೆ.

ಆದರೆ ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಸರಿ. ಇಲ್ಲಿ ‘ವೆನ್’ ಆದ ಮೇಲೆ ‘ವಿಲ್’ ಬಂತಲ್ಲ ಅಂತ ಚುರುಕು ಮಕ್ಕಳು ಕೇಳೇ ಕೇಳುತ್ತಾರೆ. ಉತ್ತರ ಮತ್ತೆ ಕನ್ನಡದಲ್ಲಿದೆ. ‘ಅಂವಾ ಯಾವಾಗ ಬರ್ತಾನೋ ಗೊತ್ತಿಲ್ಲ.’ ಇದರಲ್ಲಿರುವುದು ‘ಯಾವಾಗ’, ಅಂದರೆ ಪ್ರಶ್ನೆ. ಮೊದಲಿನದು ‘ಬಂದಾಗ’, ಅಂದರೆ ವೇಳೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ವೆನ್’ ಇರುವುದರಿಂದ ಗೊಂದಲ. ಕನ್ನಡದಲ್ಲಿ ಹೇಳಿ ನೋಡಿ. ‘ಯಾವಾಗ’ ಬಂದರೆ ‘ವಿಲ್’ ಇರಲಿ. ‘ಬಂದಾಗ’ ಬಂದರೆ ‘ವಿಲ್’ ತೆಗೆಯಿರಿ. ‘ಇಫ್’ಗೂ ಇದೇ. ‘ಬರ್ತಾನೋ ಇಲ್ಲೋ ಗೊತ್ತಿಲ್ಲ’ ಅಂದರೆ ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’. ‘ಬಂದ್ರ’ ಅಂದರೆ ‘ಇಫ್ ಹಿ ಕಮ್ಸ್’. ಈ ಪರೀಕ್ಷೆ ನನ್ನ ಮಕ್ಕಳಿಗೆ ಇನ್ನೂ ಕೈಕೊಟ್ಟಿಲ್ಲ.

ಇನ್ನಷ್ಟು ಬಾಲಗಳು

‘ಆರಕ್ಕ ಫೋನ್ ಮಾಡಬ್ಯಾಡ, ಪಾಠ ಹೇಳ್ತಿರ್ತೀನಿ.’ ‘ಐ ವಿಲ್ ಬಿ ಟೀಚಿಂಗ್ ಅಟ್ ಸಿಕ್ಸ್.’ ‘ಏಳೂವರಿಕ ಬಾ, ಮುಗಿಸಿರ್ತೀನಿ.’ ‘ಐ ವಿಲ್ ಹ್ಯಾವ್ ಫಿನಿಶ್ಡ್ ಬೈ ಸೆವೆನ್ ಥರ್ಟಿ.’ ಹೇಳ್ತಿರ್ತೀನಿ, ಮುಗಿಸಿರ್ತೀನಿ. ನಮ್ಮ ‘ಇರ್ತೀನಿ’ ಅಂಟಿಕೊಂಡ ಜಾಗದಲ್ಲೇ ಅವರ ‘ವಿಲ್ ಬಿ’, ‘ವಿಲ್ ಹ್ಯಾವ್’ ಕೂರುತ್ತವೆ. ಪುಸ್ತಕದಲ್ಲಿ ಇವುಗಳ ಉದ್ದ ಹೆಸರು ನೋಡಿ ಹೆದರಬೇಡಿ. ‘ಇಷ್ಟೊತ್ತಿಗೆ ಬಸ್ಸು ಹೋಗಿರ್ತದ’ ಅಂತ ಅಂದಾಜು ಹೇಳುವಾಗಲೂ ಅದೇ: ‘ದ ಬಸ್ ವಿಲ್ ಹ್ಯಾವ್ ಲೆಫ್ಟ್ ಬೈ ನೌ.’

‘ಹೋಗೂಣೇನ್?’ ಅಂತ ಕೇಳಲು ‘ಶಲ್ ವಿ ಗೋ?’ ‘ಶಲ್’ ಈಗ ಮಾತಿನಲ್ಲಿ ಉಳಿದಿರುವುದು ಹೆಚ್ಚಾಗಿ ಇಂಥ ಪ್ರಶ್ನೆಯಲ್ಲಿ. ‘ಐ’ಗೆ ‘ಶಲ್’, ‘ಯು’ಗೆ ‘ವಿಲ್’ ಅಂತ ನಮಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಅದನ್ನು ಈಗ ಬಿಟ್ಟುಬಿಡಬಹುದು. ಆದರೆ ಕರಾರುಪತ್ರ, ಕಾನೂನು ಓದುವಾಗ ‘ಶಲ್’ ಸಿಕ್ಕರೆ ಅಲ್ಲಿ ನಿಲ್ಲಿ. ಅಲ್ಲಿ ಅದು ಕಟ್ಟಳೆ. ‘ದ ಟೆನೆಂಟ್ ಶಲ್ ಪೇ’ ಅಂದರೆ ಬಾಡಿಗೆದಾರ ಕೊಡಲೇಬೇಕು. ನಮ್ಮ ಸಂವಿಧಾನದ 1ನೇ ವಿಧಿ ಇಂಗ್ಲಿಷಿನಲ್ಲಿ ‘ಇಂಡಿಯಾ, ದಟ್ ಈಸ್ ಭಾರತ್, ಶಲ್ ಬಿ ಎ ಯೂನಿಯನ್ ಆಫ್ ಸ್ಟೇಟ್ಸ್’ ಅಂತ ಇದೆ. ಮುಂದೆಂದೋ ಆಗುತ್ತದೆ ಅನ್ನುವ ಅರ್ಥ ಅದಕ್ಕಿಲ್ಲ. ಹೀಗಿರತಕ್ಕದ್ದು ಅಂತ.

ಇಂಗ್ಲಿಷ್ ಪೇಪರ್ ಓದುವವರಿಗೆ ಒಂದು ಮಾತು. ಆಲಮಟ್ಟಿ ತುಂಬುವ ಹೊತ್ತಿಗೆ ‘ಸಿಎಂ ಟು ಆಫರ್ ಬಾಗಿನ ಅಟ್ ಆಲಮಟ್ಟಿ’ ಅನ್ನುವಂಥ ತಲೆಬರಹ ಕಾಣುತ್ತದೆ. ಅಲ್ಲಿ ಬರೀ ‘ಟು’ ಇದ್ದರೆ ಮುಂದೆ ನಡೆಯಲಿದೆ ಅಂತ ಅರ್ಥ. ‘ಈಸ್’ ಉದುರಿಸಿದ್ದಾರೆ. ಕನ್ನಡ ಪೇಪರಿನವರೂ ‘ನಾಳೆ ಆಲಮಟ್ಟಿಗೆ ಸಿಎಂ’ ಅಂತ ಕ್ರಿಯಾಪದವನ್ನೇ ಬಿಟ್ಟಿರುತ್ತಾರೆ. ಇನ್ನು ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ನೀರು ಅದರ ಅಂಚಿಗೆ ಬಂದಾಗ ‘ದ ಡ್ಯಾಮ್ ಈಸ್ ಅಬೌಟ್ ಟು ಫಿಲ್’. ‘ಅಬೌಟ್ ಟು’ ಅಂದರೆ ಇನ್ನೇನು, ಈಗಲೋ ಆಗಲೋ.

ಆಗದೇ ಹೋದ ನಾಳೆಗೂ ಇಂಗ್ಲಿಷಿನಲ್ಲಿ ಮಾತಿದೆ. ಅದನ್ನು ಕಲಿಸಲು ನಾನು ಮಕ್ಕಳನ್ನು ಬಾರಾಕಮಾನಿಗೆ ಕರೆದುಕೊಂಡು ಹೋಗುತ್ತೇನೆ. ಎರಡನೇ ಅಲಿ ಆದಿಲ್ ಶಾ ತನ್ನ ಸಮಾಧಿಗಾಗಿ ಕಟ್ಟಿಸತೊಡಗಿದ್ದು. 1672ರಲ್ಲಿ ಅವನು ತೀರಿಕೊಂಡ. ಕಪ್ಪು ಕಲ್ಲಿನ ಕಮಾನುಗಳು ಚಾವಣಿ ಇಲ್ಲದೆ ಹಾಗೇ ನಿಂತಿವೆ. ಅಲ್ಲಿ ನಿಂತು ಹೇಳಿಸುತ್ತೇನೆ: ‘ಹಿ ವಾಸ್ ಗೋಯಿಂಗ್ ಟು ಬಿಲ್ಡ್ ಎ ಗ್ರೇಟ್ ಟೂಂಬ್.’ ಕಟ್ಟಬೇಕಂತ ಮಾಡಿದ್ದ. ನಮ್ಮ ‘ಮಾಡೀನಿ’ ‘ಮಾಡಿದ್ದ’ ಆದ ಹಾಗೆ ಅವರ ‘ಆಮ್’ ‘ವಾಸ್’ ಆಗುತ್ತದೆ. ಹಾಗೆ ಹೇಳಿದ ಕೂಡಲೇ, ಮುಂದೆ ಏನೋ ಅಡ್ಡ ಬಂತು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಕತೆ ಹೇಳುವಾಗ ಅವತ್ತಿನ ಮುಂದಿನದನ್ನು ಹೇಳಲು ‘ವುಡ್’ ಬಳಸಿ. ‘ಫೋರ್ಟೀನ್ ಇಯರ್ಸ್ ಲೇಟರ್, ಬಿಜಾಪುರ ವುಡ್ ಫಾಲ್ ಟು ಔರಂಗಜೇಬ್.’ 1686ರಲ್ಲಿ ಬಿಜಾಪುರ ಬಿತ್ತು. ನಮಗೆ ಅದು ಹಳೆಯ ಮಾತು. ಕಮಾನು ಕಟ್ಟುತ್ತಿದ್ದವರಿಗೆ ಇನ್ನೂ ಬರಬೇಕಾದ ದಿನ.

ರೂಢಿ ಮಾಡಿಕೊಳ್ಳುವುದು ಹೇಗೆ

ಮಲಗುವ ಮುಂಚೆ ಒಂದು ವಹಿಯಲ್ಲಿ ನಾಳೆಯ ಐದು ಮಾತು ಬರೆಯಿರಿ. ಮೊದಲು ಕನ್ನಡದಲ್ಲಿ, ಮನೆಯಲ್ಲಿ ಹೇಗೆ ಆಡುತ್ತೀರೋ ಹಾಗೇ. ಪುಸ್ತಕದ ಕನ್ನಡ ಬರೆದರೆ ಬಾಲಗಳೆಲ್ಲ ಕತ್ತರಿಸಿ ಹೋಗುತ್ತವೆ. ಬಾಲದ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಇಂಗ್ಲಿಷ್ ಬರೆಯಿರಿ. ದಿನಕ್ಕೆ ಹತ್ತು ನಿಮಿಷ ಸಾಕು. ನನ್ನ ಮಕ್ಕಳಿಗೆ ಮೂರು ವಾರದಲ್ಲಿ ಕೈ ಕೂಡುತ್ತದೆ.

ಮಾತಾಡುವಾಗ ‘ವಿಲ್’ ಬದಲು ‘ಗೋಯಿಂಗ್ ಟು’ ಬಂದರೆ ಕೇಳುವವರಿಗೆ ಅರ್ಥ ಆಗಿಯೇ ಆಗುತ್ತದೆ, ಅಲ್ಲೇ ನಿಂತು ತಿದ್ದಿಕೊಳ್ಳಬೇಡಿ. ಬರೆಯುವಾಗ ‘ಬಂದಾಗ’, ‘ಬಂದ್ರ’ ಅನ್ನುವ ‘ವೆನ್’, ‘ಇಫ್’ ಆದ ಮೇಲೆ ಬರುವ ‘ವಿಲ್’ ಮಾತ್ರ ಹುಡುಕಿ ತೆಗೆಯಿರಿ, ಅದು ಕಣ್ಣಿಗೆ ಹೊಡೆಯುತ್ತದೆ.

ಮೊನ್ನೆ ಒಬ್ಬ ಹುಡುಗಿ ಬರೆದು ತಂದದ್ದನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಇಡುತ್ತೇನೆ. ‘ನಾಳಿ ಅಣ್ಣ ಬರಾಕತ್ತಾನ. ರೈಲು ಏಳಕ್ಕ ಅದ. ಅಂವಾ ಬಂದ್ ಮ್ಯಾಲೆ ಅಪ್ಪಗ ಕಾಲೇಜಿನ ಸುದ್ದಿ ಹೇಳ್ಬೇಕಂತ ಮಾಡೀನಿ. ಅಪ್ಪ ಸಿಟ್ಟಿಗೆದ್ದಾನು. ಅಣ್ಣ ನನ್ನ ಕಡೆ ಮಾತಾಡ್ತಾನ.’ ಅದರ ಕೆಳಗೆ ಅವಳ ಇಂಗ್ಲಿಷ್: ‘ಮೈ ಬ್ರದರ್ ಈಸ್ ಕಮಿಂಗ್ ಟುಮಾರೋ. ಹಿಸ್ ಟ್ರೇನ್ ಅರೈವ್ಸ್ ಅಟ್ ಸೆವೆನ್. ಆಫ್ಟರ್ ಹಿ ಕಮ್ಸ್, ಐ ಆಮ್ ಗೋಯಿಂಗ್ ಟು ಟೆಲ್ ಮೈ ಫಾದರ್ ಅಬೌಟ್ ಕಾಲೇಜ್. ಹಿ ಮೈಟ್ ಗೆಟ್ ಆ್ಯಂಗ್ರಿ. ಮೈ ಬ್ರದರ್ ವಿಲ್ ಸ್ಪೀಕ್ ಫಾರ್ ಮಿ.’ ಐದು ಸಾಲಿನಲ್ಲಿ ಐದು ರೂಪ. ಕೆಂಪು ಪೆನ್ನಿನಿಂದ ನಾನು ಏನೂ ತಿದ್ದಲಿಲ್ಲ. ‘ಅಪ್ಪಾರು ಏನಂದ್ರು ತಂಗಿ?’ ಅಂತ ಕೇಳಿದೆ. ‘ಅಣ್ಣ ನಾಳಿ ಬರ್ತಾನ್ರೀ ಅಕ್ಕೋರ, ಇನ್ನೂ ಹೇಳಿಲ್ಲ’ ಅಂದಳು.